ಎಳೆದರೆ ಸಾಲದು, ನಿಲ್ಲಬೇಕು

ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವನ್ನು ನೋಡಿಕೊಂಡು ನವಲಗುಂದದ ರಸ್ತೆ ಹಿಡಿದವರಿಗೆ ದಾರಿಯುದ್ದಕ್ಕೂ ಕಾಣುವುದು ಎರಡೇ. ಮೇಲೆ ಆಕಾಶ, ಕೆಳಗೆ ಎರೆಹೊಲ. ಅಡ್ಡ ಬರುವ ಗುಡ್ಡವಿಲ್ಲ, ಮರೆ ಮಾಡುವ ಕಾಡಿಲ್ಲ. ಮುಂಗಾರಿನಲ್ಲಿ ಹೆಸರು, ಹಿಂಗಾರಿನಲ್ಲಿ ಕಡಲೆ, ಬಿಳಿಜೋಳ, ಗೋಧಿ, ಕುಸುಬಿ. ನಡುನಡುವೆ ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ. ಆದಿಕವಿ ಪಂಪನ ಹೆಸರಿನೊಂದಿಗೆ ಬೆಸೆದುಕೊಂಡ ಈ ನೆಲ ಮಳೆಗಾಲದಲ್ಲಿ ಕಾಲಿಗೆ ಅಂಟಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ.

ಸುಗ್ಗಿ ಬಂತೆಂದರೆ ಈ ಬಯಲಿನ ಬೆಳೆಯೆಲ್ಲ ಒಮ್ಮೆಗೇ ರಸ್ತೆಗಿಳಿಯುತ್ತದೆ. ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿ, ಎಲ್ಲಿಂದ ಹೊರಟರೂ ಬಹುಪಾಲು ಸರಕಿನ ಗುರಿ ಹುಬ್ಬಳ್ಳಿ ಅಮರಗೋಳದ ಕೃಷಿ ಮಾರುಕಟ್ಟೆ. ಹೊತ್ತೊಯ್ಯುವುದು ಟ್ರ್ಯಾಕ್ಟರ್ ಮತ್ತು ಅದರ ಬೆನ್ನಿಗೆ ಬಿಗಿದ ಟ್ರೇಲರ್. ಚೀಲ ಹೇರುವ ಯಾವ ಕಣದಲ್ಲಾದರೂ ಆಗ ಇಂಥದೊಂದು ಮಾತು ಕಿವಿಗೆ ಬೀಳುತ್ತದೆ.

'ಯಜ್ಜಾ, ಇನ್ನೊಂದ ಹತ್ತ ಚೀಲ ಹೇರಿದ್ರ ನಡೀತದೇನು?'

'ಎಳೀತದೋ ತಮ್ಮಾ. ನಿಂದ್ರತದೇನು, ಅದನ್ನ ಕೇಳು.'

ಕೇಳಿದವನು ಕಾಲೇಜಿಗೆ ಹೋಗುವ ಹುಡುಗ, ಉತ್ತರ ಕೊಟ್ಟವರು ಚಕ್ಕಡಿ ಹೊಡೆದು ಮುಪ್ಪಾದ ಅಜ್ಜ. ಭಾರ ಹೇರಿ ರಸ್ತೆಗಿಳಿಯುವ ವಿದ್ಯೆಯ ಸಾರವೆಲ್ಲ ಅಜ್ಜನ ಆ ಒಂದು ಮಾತಿನಲ್ಲಿದೆ. ಎಂಜಿನ್ ಎಷ್ಟು ಎಳೆಯಬಲ್ಲದು ಎಂಬುದು ಒಂದು ಲೆಕ್ಕ. ಎಳೆದದ್ದನ್ನು ಎಷ್ಟು ದೂರದಲ್ಲಿ ನಿಲ್ಲಿಸಬಲ್ಲದು ಎಂಬುದು ಬೇರೆಯದೇ ಲೆಕ್ಕ. ಜೀವ ಉಳಿಸುವುದು ಎರಡನೆಯದು.

ಎತ್ತು ಹೇಳುತ್ತಿದ್ದ ಲೆಕ್ಕ

ಈ ಲೆಕ್ಕ ಎರೆನಾಡಿಗೆ ಹೊಸದಲ್ಲ. ಚಕ್ಕಡಿಯ ಕಾಲದಲ್ಲಿ ಅದನ್ನು ಎತ್ತುಗಳೇ ಹೇಳಿಕೊಡುತ್ತಿದ್ದವು. ಚಕ್ಕಡಿಗೆ ಎರಡು ಗಾಲಿ, ಒಂದು ಅಚ್ಚು. ಚೀಲಗಳೆಲ್ಲ ಅಚ್ಚಿನ ಮುಂದೆ ಬಿದ್ದರೆ ಮುಂಭಾರವಾಗಿ ನೊಗ ಎತ್ತಿನ ಹೆಗಲನ್ನು ಒತ್ತುತ್ತಿತ್ತು. ಅಚ್ಚಿನ ಹಿಂದೆ ಬಿದ್ದರೆ ಹಿಂಭಾರವಾಗಿ ಮೂಕಿ ಮೇಲೆದ್ದು ಕೊರಳ ಪಟ್ಟಿ ಎತ್ತಿನ ಗಂಟಲನ್ನು ಬಿಗಿಯುತ್ತಿತ್ತು. ಎರಡು ಹೆಜ್ಜೆ ಇಡುವುದರೊಳಗೆ ಎತ್ತು ನಿಲ್ಲುತ್ತಿತ್ತು, ಇಲ್ಲವೇ ತಲೆ ಕೊಡವುತ್ತಿತ್ತು. ಒಕ್ಕಲಿಗ ಇಳಿದು ಒಂದು ಚೀಲ ಮುಂದಕ್ಕೋ ಹಿಂದಕ್ಕೋ ಸರಿಸಿ, ನೊಗದ ಮೇಲೆ ಹಿತವಾದ ಅಲ್ಪ ಭಾರ ಉಳಿಯುವಂತೆ ನೋಡಿಕೊಳ್ಳುತ್ತಿದ್ದ. ಇಳಿಜಾರು ಬಂದರೆ ಕೂತವರು ಕೆಳಗಿಳಿದು ನಡೆಯುತ್ತಿದ್ದರು. ಇಂದಿಗೂ ಧಾರವಾಡ ಸೀಮೆಯಿಂದ ಉಳವಿ ಚನ್ನಬಸವೇಶ್ವರನ ಜಾತ್ರೆಗೆ ಕಾಡಿನ ದಾರಿಯಲ್ಲಿ ಚಕ್ಕಡಿ ಹೂಡಿಕೊಂಡು ಹೋಗುವವರು ಈ ಪಾಠವನ್ನು ಮರೆತಿಲ್ಲ.

ಟ್ರ್ಯಾಕ್ಟರಿಗೆ ಹೆಗಲಿದೆ, ಗಂಟಲಿಲ್ಲ. ಟ್ರೇಲರಿನ ಮೂತಿ ಕೂರುವ ಕೊಂಡಿಯೇ ಅದರ ಹೆಗಲು. ಭಾರ ತಪ್ಪಾಗಿ ಬಿದ್ದರೆ ಅದು ದೂರು ಹೇಳುವುದಿಲ್ಲ. ಸುಮ್ಮನೆ ಸಾಗುತ್ತದೆ, ಕೆಟ್ಟ ಗಳಿಗೆಯವರೆಗೆ. ಎರಡು ಗಾಲಿಯ ಟ್ರೇಲರಿನಲ್ಲಿ ಭಾರವೆಲ್ಲ ಮುಂದಕ್ಕೆ ಬಿದ್ದರೆ ಕೊಂಡಿ ಕೆಳಕ್ಕೆ ಜಗ್ಗಿ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಹಗುರಾಗುತ್ತವೆ. ಆಗ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಏರು ದಾರಿಯಲ್ಲಿ ಮೂತಿಯೇ ಮೇಲೆದ್ದು ಹಿಂದಕ್ಕೆ ಮಗುಚುವ ಅಪಾಯವೂ ಉಂಟು. ಭಾರವೆಲ್ಲ ಹಿಂದಕ್ಕೆ ಬಿದ್ದರೆ ಕೊಂಡಿ ಮೇಲಕ್ಕೆ ಎಳೆದು ಟ್ರ್ಯಾಕ್ಟರಿನ ದೊಡ್ಡ ಗಾಲಿಗಳ ಹಿಡಿತ ಸಡಿಲುತ್ತದೆ. ಟ್ರೇಲರ್ ನಾಯಿಯ ಬಾಲದಂತೆ ಅತ್ತಿತ್ತ ಆಡತೊಡಗುತ್ತದೆ.

ದೂರದ ಅಮೆರಿಕದಲ್ಲೂ ಇದೇ ಚಿಂತೆ. ಅಲ್ಲಿ ರಜೆಗೆ ಹೊರಟ ಕುಟುಂಬಗಳು ಅಡುಗೆಮನೆ, ಮಲಗುವ ಕೋಣೆ ಎಲ್ಲ ಇರುವ ಗಾಲಿಮನೆಯನ್ನೇ ಪಿಕ್‌ಅಪ್ ಟ್ರಕ್ಕಿಗೆ ಕಟ್ಟಿ ಎಳೆದೊಯ್ಯುತ್ತವೆ. ಹಿಂದೆ ಕೊಂಡಿಗೆ ಕಟ್ಟುವ ಗಾಲಿಮನೆಯಾದರೆ ಅದರ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಇರಬೇಕು ಎಂಬುದು ಅಲ್ಲಿನ ರೂಢಿಯ ನಿಯಮ. ದೊಡ್ಡ ಗಾಲಿಮನೆಗಳಿಗೆ 'ಐದನೇ ಗಾಲಿ' ಎಂಬ ಬೇರೆ ಜೋಡಣೆ ಉಂಟು. ಅಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತೈದು ಪಾಲು ಭಾರ ಟ್ರಕ್ಕಿನ ಹಿಂದಿನ ಅಚ್ಚಿನ ನೆತ್ತಿಯ ಮೇಲೇ ಕೂರುತ್ತದೆ. ಐದನೇ ಗಾಲಿ ಎಂದರೆ ನೆಲದ ಮೇಲೆ ಉರುಳುವ ಗಾಲಿಯಲ್ಲ. ಕುದುರೆ ಸಾರೋಟಿನ ಕಾಲದಲ್ಲಿ ಮುಂದಿನ ಅಚ್ಚು ತಿರುಗಲೆಂದು ಅದರ ಮೇಲೆ ಅಡ್ಡಲಾಗಿ ಇಡುತ್ತಿದ್ದ ಚಕ್ರಕ್ಕೆ ಬಂದ ಹೆಸರು ಅದು. ಹುಬ್ಬಳ್ಳಿಯ ಹೊರವಲಯದಲ್ಲಿ ಕಂಟೇನರ್ ಹೊತ್ತು ಸಾಗುವ ಉದ್ದನೆಯ ಲಾರಿಗಳ ಬೆನ್ನಿನಲ್ಲಿ ಗ್ರೀಸು ಬಳಿದ ದಪ್ಪ ಕಬ್ಬಿಣದ ತಟ್ಟೆ ಕಾಣುತ್ತದಲ್ಲ, ಅದೇ ಈ ಐದನೇ ಗಾಲಿ. ಹೆಸರು ಯಾವುದಾದರೂ ತತ್ವ ಚಕ್ಕಡಿಯದೇ: ಹೆಗಲ ಮೇಲೆ ಹದವಾದ ಭಾರ ಇರಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಟ್ರೇಲರ್ ಒಂದೇ, ಭಾರ ಹಲವು

ಭಾರದ ವಿಷಯದಲ್ಲಿ ಕಣ್ಣನ್ನು ನಂಬಿದವರು ಮೋಸ ಹೋಗುತ್ತಾರೆ. ಇದಕ್ಕೆ ಶಾಲೆಯ ಮಕ್ಕಳೇ ಮಾಡಬಹುದಾದ ಒಂದು ಲೆಕ್ಕವಿದೆ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಎತ್ತರದ ಟ್ರೇಲರ್ ಎಂದಿಟ್ಟುಕೊಳ್ಳಿ. ಅದರ ಒಡಲು 120 ಘನ ಅಡಿ, ಎಂದರೆ ಸುಮಾರು 3.4 ಘನ ಮೀಟರ್. ಅಂಚಿನವರೆಗೆ ಕಡಲೆ ತುಂಬಿದರೆ ಸುಮಾರು ಎರಡೂವರೆ ಟನ್. ನೀರು ತುಂಬಿದರೆ 3.4 ಟನ್. ಒಣ ಉಸುಕು ತುಂಬಿದರೆ ಸುಮಾರು ಐದೂವರೆ ಟನ್. ಅದೇ ಉಸುಕು ತೊಯ್ದಿದ್ದರೆ ಆರು ಟನ್ನನ್ನೂ ದಾಟುತ್ತದೆ. ನಾಲ್ಕು ಸಲವೂ ಟ್ರೇಲರ್ ತುಂಬಿದ್ದು ಅಂಚಿನವರೆಗೇ. 'ಕಡಲೆಗೆ ನಡೆದದ್ದು ಉಸುಕಿಗೂ ನಡೆಯುತ್ತದೆ' ಎಂದುಕೊಂಡವನು ತನಗೆ ತಿಳಿಯದಂತೆಯೇ ಎರಡು ಪಟ್ಟು ಭಾರ ಹೇರಿರುತ್ತಾನೆ. ಮನೆ ಕಟ್ಟುವ ಖಡಿ, ಉಸುಕು ತರುವಾಗ ಆಗುವ ತಪ್ಪು ಹೆಚ್ಚಾಗಿ ಇದೇ.

ನೀರಿನ ಟ್ಯಾಂಕರಿಗೆ ಇನ್ನೊಂದು ಗುಣ. ಐದು ಸಾವಿರ ಲೀಟರ್ ನೀರೆಂದರೆ ಐದು ಟನ್. ಪೂರ್ತಿ ತುಂಬಿದಾಗ ನೀರು ಅಲುಗಾಡದು. ಅರ್ಧ ಖಾಲಿಯಾದಾಗ ಮಾತ್ರ ಬ್ರೇಕ್ ಹಾಕಿದರೆ ಮುಂದಕ್ಕೂ ತಿರುವಿನಲ್ಲಿ ಪಕ್ಕಕ್ಕೂ ಹೊಯ್ದಾಡಿ ಗಾಡಿಯನ್ನೇ ದಬ್ಬುತ್ತದೆ. ಭಾರ ಕಡಿಮೆಯಾಯಿತೆಂದು ವೇಗ ಹೆಚ್ಚಿಸಬೇಕೆನಿಸುವುದು ಆಗಲೇ. ಹಾಗೆ ಮಾಡಬಾರದ ಹೊತ್ತೂ ಅದೇ.

ಕುಂದಗೋಳದ ಮೆಣಸಿನಕಾಯಿ

ಹುಬ್ಬಳ್ಳಿಯ ದಕ್ಷಿಣಕ್ಕೆ ಕುಂದಗೋಳ. ಸವಾಯಿ ಗಂಧರ್ವರ ಊರೆಂದು ಸಂಗೀತಪ್ರಿಯರಿಗೆ ಪರಿಚಿತ. ಒಕ್ಕಲುತನದವರಿಗೆ ಅದು ಮೆಣಸಿನಕಾಯಿಯ ಊರು. ಕಣದಲ್ಲಿ ಒಣಗಿದ ಕೆಂಪು ಕಾಯಿ ಹುಬ್ಬಳ್ಳಿಗೋ ಬ್ಯಾಡಗಿಗೋ ಹೊರಡುತ್ತದೆ. ಇಲ್ಲಿನ ತೊಂದರೆ ಉಸುಕಿನದಕ್ಕೆ ತಿರುಗುಮುರುಗು. ಮೆಣಸಿನಕಾಯಿ ಹಗುರ, ಹತ್ತಿ ಹಗುರ, ಕಣಿಕೆ ಮತ್ತು ಹೊಟ್ಟು ಇನ್ನೂ ಹಗುರ. ಹಗುರವೆಂಬ ಧೈರ್ಯದಲ್ಲಿ ಚೀಲದ ಮೇಲೆ ಚೀಲ ಏರುತ್ತ ಹೋಗಿ ಟ್ರೇಲರ್ ನಡೆದಾಡುವ ಬಣವೆಯಾಗುತ್ತದೆ.

ತೂಕ ಮಿತಿಯೊಳಗೇ ಇರಬಹುದು, ಕೆಟ್ಟದ್ದು ಎತ್ತರ. ಗಾಲಿಯಿಂದ ಗಾಲಿಗೆ ಐದಡಿ ಅಂತರವಿರುವ ಟ್ರೇಲರಿನಲ್ಲಿ ಭಾರದ ನಡುಬಿಂದು ನೆಲದಿಂದ ನಾಲ್ಕು ಅಡಿ ಮೇಲಿದ್ದರೆ ಅದು ಉರುಳಲು ಸುಮಾರು 32 ಡಿಗ್ರಿ ವಾಲಬೇಕು. ಅದೇ ಬಿಂದು ಏಳಡಿಗೆ ಏರಿದರೆ 20 ಡಿಗ್ರಿಗೇ ಉರುಳುತ್ತದೆ. ಇದು ನಿಂತ ಗಾಡಿಯ ಲೆಕ್ಕ. ತಿರುವಿನಲ್ಲಿ ಓಡುವ ಗಾಡಿಗೆ ಅಷ್ಟೂ ಬೇಕಿಲ್ಲ.

ಇದಕ್ಕೆ ಎರೆಮಣ್ಣು ಜತೆಗೂಡಿದರೆ ಮುಗಿಯಿತು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬೆಣ್ಣಿಹಳ್ಳದ ಆಸುಪಾಸಿನ ಊರುಗಳಲ್ಲಿ ಮಳೆಗಾಲ ಕಳೆದ ಮೇಲೆ ಡಾಂಬರಿನ ಅಂಚು ನೋಡಿದರೆ ಇದು ತಿಳಿಯುತ್ತದೆ. ರಸ್ತೆಯ ನಡುಭಾಗ ಗಟ್ಟಿಯಿದ್ದರೂ ಪಕ್ಕದ ಮಣ್ಣು ಒಳಗೇ ಮೆತ್ತಗಾಗಿರುತ್ತದೆ. ಎದುರಿನ ಬಸ್ಸಿಗೆ ದಾರಿ ಬಿಡಲೆಂದು ಟ್ರೇಲರಿನ ಎಡಗಾಲಿ ಆ ಮಣ್ಣಿಗೆ ಇಳಿದರೆ ಗಾಲಿ ಹೂತು ಟ್ರೇಲರ್ ವಾಲುತ್ತದೆ. ಎತ್ತರದ ಹೇರಿಗೆ ಆ ವಾಲುವಿಕೆಯೇ ಸಾಕು. ಆದ್ದರಿಂದ ಹೇರು ಎತ್ತರವಿದ್ದಾಗ ಅಂಚಿಗೆ ಇಳಿಯುವ ಮೊದಲೇ ಗಟ್ಟಿ ನೆಲ ನೋಡಿ ನಿಂತುಬಿಡುವುದು ಲೇಸು.

ಅದಿರು ಸಾಗಿದ ದಾರಿ

ಗದಗಿನಿಂದ ಅಣ್ಣಿಗೇರಿಯನ್ನು ಹಾಯ್ದು ಹುಬ್ಬಳ್ಳಿಗೆ, ಅಲ್ಲಿಂದ ಕಲಘಟಗಿ, ಯಲ್ಲಾಪುರ, ಅಂಕೋಲೆಗೆ ಹೋಗುವ ಹೆದ್ದಾರಿಗೆ ಹಿಂದೆ ರಾಷ್ಟ್ರೀಯ ಹೆದ್ದಾರಿ 63 ಎಂಬ ಹೆಸರಿತ್ತು. 2000ದ ದಶಕದಲ್ಲಿ ಬಳ್ಳಾರಿ–ಹೊಸಪೇಟೆ ಸೀಮೆಯ ಕಬ್ಬಿಣದ ಅದಿರು ಕಾರವಾರ, ಬೇಲೆಕೇರಿ ಬಂದರುಗಳಿಗೆ ಸಾಗಿದ್ದು ಇದೇ ದಾರಿಯಲ್ಲಿ. ಹಗಲೂ ರಾತ್ರಿ ಲಾರಿಗಳ ಸಾಲು, ಕೆಂಪು ದೂಳು, ತಗ್ಗುಬಿದ್ದ ರಸ್ತೆ. 2010ರಲ್ಲಿ ರಾಜ್ಯ ಸರ್ಕಾರ ಬಂದರುಗಳಿಂದ ಅದಿರು ರಫ್ತನ್ನು ನಿಷೇಧಿಸಿತು. ಅಕ್ರಮ ಗಣಿಗಾರಿಕೆಯ ಬಗ್ಗೆ ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಸಲ್ಲಿಸಿದ ವರದಿಯಲ್ಲಿ ಲಾರಿಗಳು ಮಿತಿಮೀರಿ ಭಾರ ಹೊತ್ತ ಸಂಗತಿಯೂ ಇತ್ತು.

ಮಿತಿ ಮೀರಿದ ಭಾರ ರಸ್ತೆಗೆ ಮಾಡುವ ಗಾಯ ಸಾಮಾನ್ಯ ಬುದ್ಧಿಗೆ ನಿಲುಕುವಂಥದಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1950ರ ದಶಕದ ಕೊನೆಯಲ್ಲಿ ಇದಕ್ಕೆಂದೇ ರಸ್ತೆ ನಿರ್ಮಿಸಿ, ಲಾರಿ ಓಡಿಸಿ ಪರೀಕ್ಷಿಸಿದರು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು ಎಂದು ತಿಳಿದುಬಂತು. ಎರಡನ್ನು ನಾಲ್ಕು ಬಾರಿ ಗುಣಿಸಿಕೊಂಡರೆ ಬರುವ ಸಂಖ್ಯೆ. ಒಂದು ಲಾರಿಯ ದುರಾಸೆಯ ಬೆಲೆಯನ್ನು ಆ ತಗ್ಗಿನಲ್ಲಿ ಸೈಕಲ್ ತುಳಿದು ಶಾಲೆಗೆ ಹೋಗುವ ಮಕ್ಕಳು ತೆರುತ್ತಾರೆ.

ಭಾರತದಲ್ಲಿ ಈ ಮಿತಿಯನ್ನು 2018ರ ಜುಲೈನಲ್ಲಿ ಏರಿಸಲಾಯಿತು. ಎರಡು ಅಚ್ಚಿನ ಸಾಮಾನ್ಯ ಲಾರಿ ತನ್ನ ತೂಕವೂ ಸೇರಿ 16.2 ಟನ್ ಇರಬಹುದಿತ್ತು, ಅದು 18.5 ಟನ್ ಆಯಿತು. ಇದರಾಚೆಗೆ ಹೇರಿದರೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿನಂತೆ 20,000 ರೂಪಾಯಿ ದಂಡ. ಜತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ. ಹೆಚ್ಚಾದ ಸರಕನ್ನು ಇಳಿಸಿದ ಮೇಲೆಯೇ ಗಾಡಿ ಮುಂದೆ ಹೋಗಬೇಕು.

ಕಲಘಟಗಿಯ ಇಳಿಜಾರು

ಹುಬ್ಬಳ್ಳಿ ದಾಟಿ ಕಲಘಟಗಿಯ ಕಡೆ ತಿರುಗಿದರೆ ನೆಲವೇ ಬೇರೆಯಾಗುತ್ತದೆ. ಕರಿಮಣ್ಣು ಕೆಮ್ಮಣ್ಣಾಗುತ್ತದೆ, ಬಯಲು ಅಲೆಯಲೆಯಾಗಿ ಏರಿಳಿಯುತ್ತದೆ. ಭತ್ತ, ಗೋವಿನಜೋಳ, ಕಬ್ಬು ಕಾಣುತ್ತವೆ. ಮಲೆನಾಡಿನ ಗಾಳಿ ಬೀಸುತ್ತದೆ. ಬಣ್ಣದ ತೊಟ್ಟಿಲಿಗೆ ಹೆಸರಾದ ಈ ಊರಿನ ಸುತ್ತಿನ ಕಬ್ಬು ಪಕ್ಕದ ಹಳಿಯಾಳದ ಸಕ್ಕರೆ ಕಾರ್ಖಾನೆಗೂ ಹೋಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರಿನ ಹಿಂದೆ ಒಂದಲ್ಲ, ಎರಡು ಟ್ರೇಲರ್. ಎರಡೂ ಸೇರಿ ಹೇರು ಇಪ್ಪತ್ತು ಟನ್ ದಾಟುವುದೂ ಉಂಟು.

ನವಲಗುಂದದ ಬಯಲಿನಲ್ಲಿ ಮುಚ್ಚಿಹೋದ ತಪ್ಪು ಇಲ್ಲಿ ಬಯಲಾಗುತ್ತದೆ. ವಿಜ್ಞಾನ ಓದುವ ವಿದ್ಯಾರ್ಥಿಗಳು ಕಾಗದ ತೆಗೆದುಕೊಂಡು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಎರಡು ಟನ್ ತೂಕದ ಟ್ರ್ಯಾಕ್ಟರ್, ಅದರಲ್ಲಿ 1.3 ಟನ್ ಹಿಂದಿನ ಗಾಲಿಗಳ ಮೇಲೆ. ಸಾಮಾನ್ಯ ಟ್ರ್ಯಾಕ್ಟರಿಗೆ ಬ್ರೇಕ್ ಇರುವುದು ಹಿಂದಿನ ಗಾಲಿಗಳಿಗೆ ಮಾತ್ರ. ಒಣ ರಸ್ತೆಯಲ್ಲಿ ಗಾಲಿಯ ಹಿಡಿತ ಅದರ ಮೇಲಿನ ಭಾರದ ಹತ್ತರಲ್ಲಿ ಆರು ಪಾಲು ಎಂದು ಹಿಡಿಯಿರಿ. ಹಿಂದೆ ಇರುವುದು ಹೇರು ಸೇರಿ ಆರು ಟನ್ನಿನ, ನಾಲ್ಕು ಗಾಲಿಯ, ತನ್ನದೇ ಬ್ರೇಕ್ ಇಲ್ಲದ ಟ್ರೇಲರ್. ವೇಗ ಗಂಟೆಗೆ 30 ಕಿಲೋಮೀಟರ್.

ಟ್ರೇಲರ್ ಇಲ್ಲದೆ ಟ್ರ್ಯಾಕ್ಟರ್ ಒಂದೇ ಇದ್ದರೆ, ಬ್ರೇಕ್ ಹಿಡಿದ ಮೇಲೆ ಸುಮಾರು 9 ಮೀಟರಿನಲ್ಲಿ ನಿಲ್ಲುತ್ತದೆ. ಟ್ರೇಲರ್ ಕಟ್ಟಿದರೆ ಸಮತಟ್ಟಾದ ರಸ್ತೆಯಲ್ಲಿ 36 ಮೀಟರ್ ಬೇಕು. ನೂರು ಅಡಿಗೆ ಐದು ಅಡಿ ಇಳಿಯುವ ಇಳಿಜಾರಿನಲ್ಲಿ 74 ಮೀಟರ್ ಬೇಕು. ನೂರಕ್ಕೆ ಹತ್ತು ಅಡಿ ಇಳಿಯುವಲ್ಲಿ ಅದು ನಿಲ್ಲುವುದೇ ಇಲ್ಲ. ಬ್ರೇಕಿನ ಬಲಕ್ಕಿಂತ ಇಳಿಜಾರಿನ ಸೆಳೆತವೇ ತುಸು ಮೇಲಾಗುತ್ತದೆ. ಅಂಥದೇ ಇನ್ನೊಂದು ಟ್ರೇಲರ್ ಕಟ್ಟಿದರೆ ನೂರಕ್ಕೆ ಐದು ಅಡಿಯ ಇಳಿಜಾರಿನಲ್ಲೇ ಅದೇ ಗತಿ. ನಿಲ್ಲಲು ಅರ್ಧ ಕಿಲೋಮೀಟರಿಗೂ ಮಿಕ್ಕಿ ಬೇಕಾಗುತ್ತದೆ. ಚಾಲಕನ ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಗಾಡಿ ಇನ್ನೂ ಎಂಟು ಮೀಟರ್ ಮುಂದೆ ಹೋಗಿರುತ್ತದೆ, ಅದು ಬೇರೆ.

ಲೆಕ್ಕದ ಇನ್ನೊಂದು ಮುಖ ವೇಗ. ವೇಗ ಅರ್ಧವಾದರೆ ನಿಲ್ಲಲು ಬೇಕಾದ ದೂರ ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಇಳಿಜಾರು ಶುರುವಾಗುವ ಮೊದಲೇ ಕೆಳ ಗೇರಿಗೆ ಬರಬೇಕು. ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಡೀಸೆಲ್ ಉಳಿಯಲಿ ಎಂದು ಗೇರ್ ತಪ್ಪಿಸಿ ಉರುಳಲು ಬಿಡುವುದು ಸಾವನ್ನು ಕರೆದಂತೆ. ಟ್ರ್ಯಾಕ್ಟರಿನ ಎಡ, ಬಲ ಬ್ರೇಕುಗಳು ಬೇರೆಬೇರೆ. ಹೊಲದಲ್ಲಿ ಒಂದನ್ನೇ ತುಳಿದು ಗಿರಕ್ಕನೆ ತಿರುಗಲು ಅನುಕೂಲ. ರಸ್ತೆಗೆ ಬರುವಾಗ ಎರಡನ್ನೂ ಕೂಡಿಸುವ ಅಗುಳಿ ಹಾಕದಿದ್ದರೆ ಒಂದೇ ಗಾಲಿ ಹಿಡಿದು, ಹಿಂದಿನ ಟ್ರೇಲರ್ ದಬ್ಬಿ, ಎರಡೂ ಕತ್ತರಿಯಂತೆ ಮಡಿಚಿಕೊಳ್ಳುತ್ತವೆ.

ಕಲಘಟಗಿಯಿಂದ ಮುಂದೆ ಕಿರವತ್ತಿ, ಯಲ್ಲಾಪುರ, ಆಮೇಲೆ ಅರಬೈಲ್ ಘಟ್ಟ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು-ತರಕಾರಿ ಹೊತ್ತು ಹೊರಟಿದ್ದ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನಲ್ಲಿ ಕಂದಕಕ್ಕೆ ಉರುಳಿ ಹತ್ತು ಜನ ಸತ್ತರು. ಸಂತೆಯ ವ್ಯಾಪಾರಿಗಳು, ತಮ್ಮ ಸರಕಿನ ಜತೆಯಲ್ಲೇ ಕೂತು ಹೊರಟವರು. ಸರಕು ಹೊರುವ ಗಾಡಿಯಲ್ಲಿ ಜನ ಕೂತರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಗಾಡಿ ಮಗುಚಿದಾಗ ಸರಕು ಜನರ ಮೇಲೆ ಬೀಳುತ್ತದೆ.

ಮನೆಯಿಂದಲೇ ಮೊದಲಾಗಬೇಕು

ಎಳ್ಳ ಅಮಾವಾಸ್ಯೆಯ ದಿನ ಎರೆನಾಡಿನ ಮನೆಗಳು ಹೊಲಕ್ಕೆ ನಡೆಯುತ್ತವೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆ, ಹೋಳಿಗೆಯ ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲುವ ಹಬ್ಬ. ಹಿಂದೆ ಚಕ್ಕಡಿಯಲ್ಲಿ ಹೋಗುತ್ತಿದ್ದವರು ಈಗ ಟ್ರೇಲರ್ ಏರುತ್ತಾರೆ. ಮದುವೆಗೆ, ಜಾತ್ರೆಗೆ, ಮೆಣಸಿನಕಾಯಿ ಬಿಡಿಸುವ ಕೂಲಿಗೆ ಕೂಡ ಅದೇ. ಚಕ್ಕಡಿ ನಡೆಯುತ್ತಿದ್ದುದು ಮನುಷ್ಯನ ನಡಿಗೆಯ ವೇಗದಲ್ಲಿ. ಟ್ರೇಲರ್ ಓಡುವುದು ಅದರ ಐದಾರು ಪಟ್ಟು. ಕಾನೂನಿನ ಕಣ್ಣಿನಲ್ಲಿ ಅದು ಸರಕಿನ ಗಾಡಿ, ಜನರದಲ್ಲ. ಹಬ್ಬದ ಸಂತೋಷಕ್ಕೆ ಈ ಮಾತು ಅಡ್ಡಿ ಎನಿಸಬಹುದು. ಬಸ್ಸನ್ನೋ ಟೆಂಪೋವನ್ನೋ ಹಿಡಿದು ಹೋದ ಹಬ್ಬವೂ ಹಬ್ಬವೇ.

ತಂದೆತಾಯಿಗಳು ಅರಿಯಬೇಕಾದ ಇನ್ನೊಂದು ವಿಷಯವಿದೆ. ಹತ್ತನೆಯ ತರಗತಿಯ ಮಗ ಟ್ರ್ಯಾಕ್ಟರ್ ಓಡಿಸುವುದು ಅನೇಕ ಮನೆಗಳಲ್ಲಿ ಹೆಮ್ಮೆಯ ಸಂಗತಿ. ಆದರೆ ಹದಿನೆಂಟು ತುಂಬದವರು ರಸ್ತೆಯಲ್ಲಿ ಟ್ರ್ಯಾಕ್ಟರ್ ಓಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿಸಿದ 199ಎ ಕಲಮಿನಂತೆ, ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ತಪ್ಪು ಮಾಡಿದರೆ ಪಾಲಕರಿಗೋ ವಾಹನದ ಮಾಲೀಕರಿಗೋ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಆ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು. ದಂಡಕ್ಕಿಂತ ದೊಡ್ಡ ಕಾರಣ ಮೇಲಿನ ಲೆಕ್ಕದಲ್ಲೇ ಇದೆ.

ಹೊರಡುವ ಮುಂಚಿನ ಕೆಲಸಕ್ಕೆ ಹತ್ತು ನಿಮಿಷ ಸಾಕು. ಭಾರವಾದ ಚೀಲ ಕೆಳಗೆ, ಹಗುರವಾದದ್ದು ಮೇಲೆ. ಬಹುಪಾಲು ಭಾರ ಅಚ್ಚಿನ ಆಸುಪಾಸಿನಲ್ಲಿ, ಎಡಬಲ ಸಮನಾಗಿ. ಕೊಂಡಿಯ ಪಿನ್ನಿಗೆ ಅಡ್ಡಕೀಲು, ಅದರ ಜತೆಗೆ ಒಂದು ಸರಪಳಿ. ಗಾಲಿಯ ಗಾಳಿ, ಹಿಂದೆ ಕೆಂಪು ದೀಪ, ರಾತ್ರಿ ಮಿನುಗುವ ಪಟ್ಟಿ. ಹೊಸ ಬಗೆಯ ಸರಕಾದರೆ ಒಮ್ಮೆ ವೇಬ್ರಿಜ್ ಹತ್ತಿಸಿ ಚೀಟಿ ಪಡೆಯುವುದು. ಎತ್ತು ಪುಕ್ಕಟೆಯಾಗಿ ಹೇಳುತ್ತಿದ್ದುದನ್ನು ಈಗ ಆ ಚೀಟಿ ಹೇಳುತ್ತದೆ.

ಕಣದ ಹುಡುಗ ಅಜ್ಜನ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ನಿಂತ.

'ಹಂಗಾರ ಆ ಹತ್ತ ಚೀಲ, ಯಜ್ಜಾ?'

'ಅಲ್ಲೇ ಇರಲಿ ಬಿಡೋ. ನಾಳೆ ಮತ್ತ ಪ್ಯಾಟಿ ಇದ್ದೇ ಇರತದ.'

ಹತ್ತು ಚೀಲ ಕಣದಲ್ಲೇ ಉಳಿದವು. ಟ್ರ್ಯಾಕ್ಟರ್ ಹುಬ್ಬಳ್ಳಿಯ ದಾರಿ ಹಿಡಿಯಿತು.